ಒರೆಸಿದರೂ ಹೋಗದ ಚುಕ್ಕೆ

ಬಾಟಲಿ ಕಾರ್ಖಾನೆಯ ಆಫೀಸಿನಲ್ಲಿ ಜೆರಾಕ್ಸ್ ಯಂತ್ರ ನೋಡಿಕೊಳ್ಳುವವನಿಗೆ ಚೊಕ್ಕಣ್ಣ ಎಂದು ಅಡ್ಡಹೆಸರು ಇಟ್ಟವರು ಯಾರು ಎಂಬುದು ಯಾರಿಗೂ ನೆನಪಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ದೊಡ್ಡ ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ಚೊಕ್ಕಣ್ಣನೇ. ಒಂದೇ ಒಂದು ಹಾಳೆ ನಕಲು ಮಾಡಬೇಕೆಂದರೂ ಮೊದಲು ಯಂತ್ರದ ಗಾಜಿನ ಮೇಲೆ ಹಾ ಎಂದು ಉಸಿರು ಬಿಡುತ್ತಿದ್ದ, ಹಳೆಯ ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದ, ಓರೆಯಾಗಿ ಬಗ್ಗಿ ಬೆಳಕಿಗೆ ನೋಡುತ್ತಿದ್ದ, ಆಮೇಲೆ ಇನ್ನೊಮ್ಮೆ ಒರೆಸುತ್ತಿದ್ದ. ಅವಸರದಲ್ಲಿ ಬಂದವರು ಹಲ್ಲು ಕಡಿಯುತ್ತಿದ್ದರು. “ಚೊಕ್ಕಣ್ಣ, ನಂಗೆ ಬೇಕಾಗಿರೋದು ನಕಲು, ಮುಖ ನೋಡ್ಕೊಳ್ಳೋ ಕನ್ನಡಿ ಅಲ್ಲ” ಎಂದು ಯಾರಾದರೂ ಚುಚ್ಚಿದರೆ, “ನಕಲು ಹೇಗಿರ್ಬೇಕು ಅಂದ್ರೆ ಸರ್, ಅಸಲಿಗೇ ನಾಚಿಕೆ ಆಗ್ಬೇಕು” ಎನ್ನುತ್ತಿದ್ದ.

ಅವನ ಕೋಣೆ ಮೆಟ್ಟಿಲಿನ ಕೆಳಗಿತ್ತು. ಯಂತ್ರ, ಕಾಗದದ ಕಟ್ಟುಗಳು, ಹಾಳಾದ ಹಾಳೆಗಳನ್ನು ಚೂರು ಮಾಡುವ ಇನ್ನೊಂದು ಪುಟ್ಟ ಯಂತ್ರ, ಒಂದು ಸ್ಟೂಲು. ಇದ್ದೊಂದು ಕಿಟಕಿಯಿಂದ ಕಾಣುತ್ತಿದ್ದುದು ಕಾರ್ಖಾನೆಯ ಅಂಗಳದಲ್ಲಿ ಸುರಿದ ಒಡೆದ ಗಾಜಿನ ರಾಶಿ. ಹಸಿರು ಒಂದು ಕಡೆ, ಕಂದು ಒಂದು ಕಡೆ. ಒರೆಸುವ ಬಟ್ಟೆಯನ್ನು ದಿನವೂ ತಾನೇ ಒಗೆದು ಆ ಕಿಟಕಿಯ ಸರಳಿಗೆ ಹಾಕುತ್ತಿದ್ದ.

ಅವನಿಗೆ ಇನ್ನೊಂದು ನೇಮವಿತ್ತು: ಅಕ್ಷರ ನೋಡಬೇಕು, ಓದಬಾರದು. ಕೆಲಸ ಕಲಿಸಿದ ಹಿರಿಯ ಹೇಳಿಕೊಟ್ಟ ಮಾತು ಅದು. “ಟಪಾಲು ಹಂಚೋನು ಕಾಗದ ಓದ್ತಾ ನಿಂತ್ರೆ ಅದು ಮನೆ ಸೇರುತ್ತೇನೋ?” ಎಂದಿದ್ದ ಆತ. ಹಾಗಾಗಿ ಕಂಪನಿಯ ಗುಟ್ಟುಗಳೆಲ್ಲ ಚೊಕ್ಕಣ್ಣನ ಬೆರಳುಗಳ ನಡುವೆ ಹಾದುಹೋಗಿದ್ದವು, ಒಂದೂ ತಲೆಯೊಳಗೆ ಹೊಕ್ಕಿರಲಿಲ್ಲ. ಅಕ್ಷರದ ಬಾಲ ಕತ್ತರಿಸಿದೆಯೇ, ಅಂಚಿನಲ್ಲಿ ಗೆರೆ ಬಂದಿದೆಯೇ, ಅಷ್ಟೇ ಅವನ ಚಿಂತೆ. ಇದನ್ನು ಅವನು ಮಹಾ ಪ್ರಾಮಾಣಿಕತೆ ಎಂದುಕೊಂಡಿದ್ದ. ನನ್ನನ್ನು ಕೇಳಿದರೆ ಅರ್ಧ ಪ್ರಾಮಾಣಿಕತೆ, ಇನ್ನರ್ಧ ಸೋಮಾರಿತನ.

ಅವನ ಹೆಂಡತಿಯೂ ಅದೇ ಕಾರ್ಖಾನೆಯವಳು, ಆರಿಸುವ ವಿಭಾಗದಲ್ಲಿ. ಬೆಳಕು ಹಾಯಿಸಿದ ಬಿಳಿ ಪರದೆಯ ಮುಂದೆ ಸಾಲಾಗಿ ಸಾಗಿಬರುವ ಬಾಟಲಿಗಳಲ್ಲಿ ಕೆಟ್ಟದ್ದನ್ನು ಕಿತ್ತು ಪಕ್ಕಕ್ಕೆ ಎಸೆಯುವುದು ಅವಳ ಕೆಲಸ. ಒಡಕು ಇದ್ದರೆ ಮುಲಾಜಿಲ್ಲ, ರಾಶಿಗೆ. ಗಾಜಿನ ಒಳಗೆಲ್ಲೋ ಒಂದು ಸಣ್ಣ ಗುಳ್ಳೆ ಕೂತಿದ್ದರೆ ಮಾತ್ರ ಅವಳ ವಿವೇಚನೆಗೆ ಬಿಟ್ಟದ್ದು. ಸೋರದಿದ್ದರೆ ಮುಂದೆ ಬಿಡಬಹುದು. ಮನೆಯಲ್ಲೂ ಲೋಟ ಎತ್ತಿ ದೀಪಕ್ಕೆ ಹಿಡಿದು ನೋಡದೆ ನೀರು ಬಗ್ಗಿಸುತ್ತಿರಲಿಲ್ಲ. ಗಂಡ ಹಾಳೆಯಲ್ಲಿ ಹುಡುಕುತ್ತಾನೆ, ಹೆಂಡತಿ ಗಾಜಿನಲ್ಲಿ ಹುಡುಕುತ್ತಾಳೆ, ಇವರ ಮನೆಗೆ ಹೋಗುವಾಗ ಮುಖ ತೊಳೆದುಕೊಂಡೇ ಹೋಗಬೇಕು ಎಂದು ಜೊತೆಯವರು ನಗುತ್ತಿದ್ದರು.

ಇಂಥ ಚೊಕ್ಕಟ ಬದುಕಿನೊಳಗೆ ಪಿಸುಮಾತಿನ ಸಾಹೇಬರು ಕಾಲಿಟ್ಟರು. ಕಂಪನಿಯ ಗುಟ್ಟಿನ ಕಾಗದವೊಂದು ಎಲ್ಲಿಂದಲೋ ಸೋರಿ ಹೊರಗೆ ಹೋಗಿತ್ತಂತೆ. ಇನ್ನು ಹಾಗಾಗದಂತೆ ಕಾಯಲು ಇವರನ್ನು ತಂದಿದ್ದರು. ಈ ಸಾಹೇಬರು “ಊಟ ಆಯ್ತಾ” ಎಂದು ಕೇಳುವುದನ್ನೂ ಕಿವಿಯ ಹತ್ತಿರ ಬಂದು ಕೇಳುತ್ತಿದ್ದರು. ಬಂದವರೇ ಹೊಸ ವ್ಯವಸ್ಥೆ ಮಾಡಿದರು. ಆಡಳಿತ ಮಂಡಳಿಯ ಸಭೆಯ ಕಾಗದಗಳನ್ನು ತಮ್ಮ ಕೋಣೆಯ ಕಂಪ್ಯೂಟರಿನಿಂದಲೇ ಚೊಕ್ಕಣ್ಣನ ಯಂತ್ರಕ್ಕೆ ಕಳಿಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪ್ರತಿ. ಪ್ರತಿಯ ಮೇಲೆ ಅವರ ಹೆಸರಿನ ಚೀಟಿ.

“ಬಂದಿದ್ದನ್ನ ಕವರಿಗೆ ಹಾಕಿ, ಚೀಟಿ ಮೇಲೆ ಅಂಟಿಸಿ, ಕೊಡಿ. ಸಭೆ ಮುಗಿದ ಮೇಲೆ ವಾಪಸ್ ತಗೊಂಡು ಚೂರು ಮಾಡಿ. ಬೇರೆ ಏನೂ ಕೇಳ್ಬೇಡಿ” ಎಂದು ಪಿಸುಗುಟ್ಟಿದರು.

ಚೊಕ್ಕಣ್ಣ ಕೇಳಲಿಲ್ಲ. ಅವರು ಹೇಳಲೂ ಇಲ್ಲ. ಗುಟ್ಟು ಕಾಯುವವರಿಗೆ ಅಂಟುವ ಕಾಯಿಲೆಯೇ ಇದು: ಬಾಗಿಲಿಗೆ ಬೀಗ ಹಾಕಿದ್ದೇವೆ ಎಂಬುದನ್ನು ಮನೆಯವರಿಗೇ ತಿಳಿಸುವುದಿಲ್ಲ.

ಮೊದಲ ಸಲ ಕಾಗದ ಬಂದ ದಿನವೇ ಚೊಕ್ಕಣ್ಣನ ಎದೆ ಧಸಕ್ಕೆಂದಿತು. ಹಾಳೆಯ ಮೇಲೆ ಚುಕ್ಕೆಗಳು! ಸಾಸಿವೆಗಿಂತ ಸಣ್ಣವು, ಬೂದು ಬಣ್ಣದವು, ಅಲ್ಲೊಂದು ಇಲ್ಲೊಂದು. ಬೇರೆಯವರ ಕಣ್ಣಿಗೆ ಬೀಳುವಂಥವಲ್ಲ, ಆದರೆ ಅವನ ಕಣ್ಣಿಗೆ ಅವು ಮಗುವಿನ ಮೈಮೇಲೆ ಎದ್ದ ದಡಾರದ ಹಾಗೆ ಕಂಡವು. ಕಂಪ್ಯೂಟರಿನಿಂದ ಬರುವ ಹಾಳೆ ಗಾಜನ್ನು ಮುಟ್ಟುವುದೇ ಇಲ್ಲ ಎಂದು ಗೊತ್ತಿದ್ದರೂ ಕೈ ಸುಮ್ಮನಿರದೆ ಗಾಜು ಒರೆಸಿದ. ಮಸಿಯನ್ನು ಹಾಳೆಗೆ ಒತ್ತುವ ಡ್ರಮ್ ತೆಗೆದು ಹೊಸದು ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಯಂತ್ರಕ್ಕೆ ಏನೂ ಆಗಿರದಿದ್ದರೂ ಅದರ ಹೊಟ್ಟೆ ಬಿಚ್ಚಿ ಹಾಕಿದ. ಖಾಲಿ ಹಾಳೆ ಓಡಿಸಿ ನೋಡಿದರೆ ಹಾಲಿನಂತೆ ಬೆಳ್ಳಗೆ ಬಂತು.

ಇನ್ನೂ ತಲೆ ಕೆಡಿಸಿದ್ದು ಬೇರೆ ಸಂಗತಿ. ಕೊಳೆಯಿಂದ ಬಂದ ಚುಕ್ಕೆಯಾದರೆ ಎಲ್ಲ ಹಾಳೆಯಲ್ಲೂ ಒಂದೇ ಜಾಗದಲ್ಲಿ ಬರಬೇಕು. ಇಲ್ಲಿ ಒಬ್ಬೊಬ್ಬರ ಪ್ರತಿಯಲ್ಲಿ ಒಂದೊಂದು ಜಾಗ. ಇದೆಂಥ ಕೊಳೆ, ಆಳು ನೋಡಿ ಕೂರುತ್ತದೆಯಲ್ಲ! ಅವನು ಸ್ಟೂಲಿನ ಮೇಲೆ ಕುಸಿದ. ಮತ್ತೆ ಕಳಿಸಿ ಎಂದು ಕೇಳೋಣವೆಂದರೆ ಏನೂ ಕೇಳಬೇಡಿ ಎಂಬ ಅಪ್ಪಣೆ ಇತ್ತು. ಸಭೆಗೆ ಮೇಲೆ ಕುರ್ಚಿ ಎಳೆಯುವ ಸದ್ದು ಆಗಲೇ ಕೇಳುತ್ತಿತ್ತು.

ಆಗ ಅವನು ಯಾವ ನಕಲುಗಾರನಾದರೂ ಮಾಡುವ ಕೆಲಸ ಮಾಡಿದ. ಎಲ್ಲ ಪ್ರತಿಗಳನ್ನೂ ಹರಡಿ, ಹೆಚ್ಚು ಚೊಕ್ಕವಾಗಿರುವುದು ಯಾವುದೆಂದು ಹುಡುಕಿದ. ಸಭೆಗೆ ಲೆಕ್ಕ ಒಪ್ಪಿಸುವ ಲೆಕ್ಕದಮ್ಮನ ಹೆಸರಿಗೆ ಬಂದಿದ್ದ ಪ್ರತಿಯಲ್ಲಿ ಚುಕ್ಕೆಗಳು ಸಾಲಿನ ಕೊನೆಯಲ್ಲಿ, ಪಟ್ಟಿಯ ಗೆರೆಗಳ ಪಕ್ಕದಲ್ಲಿ ಅಡಗಿ ಕೂತಿದ್ದವು, ಕಂಡೂ ಕಾಣದ ಹಾಗೆ. ಅದನ್ನೇ ಗಾಜಿನ ಮೇಲಿಟ್ಟು ಉಳಿದವರಿಗೆಲ್ಲ ನಕಲು ತೆಗೆದ. ದಡಾರ ಎದ್ದ ಪ್ರತಿಗಳನ್ನು ಚೂರು ಮಾಡುವ ಯಂತ್ರಕ್ಕೆ ತಿನ್ನಿಸಿದ. ಕವರುಗಳನ್ನು ಅಂಟಿಸಿ ಮೇಲೆ ಒಯ್ದು ಕೊಟ್ಟು ಬಂದು, ಮಾನ ಉಳಿಯಿತು ಎಂದು ನಿಟ್ಟುಸಿರು ಬಿಟ್ಟ.

ಆ ಸಭೆಯ ಕೆಲವು ದಿನಗಳ ಮೇಲೆ ಕಾರ್ಖಾನೆಯ ಕ್ಯಾಂಟೀನಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಕೊಂಡಿತ್ತು. ಆ ಸಂಜೆ ಹೆಂಡತಿ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಶುರು ಮಾಡಿದಳು.

“ಆರಿಸೋ ವಿಭಾಗ ಮುಚ್ತಾರಂತೆ. ನಮ್ಮ ಜಾಗದಲ್ಲಿ ಕ್ಯಾಮೆರಾ ಕೂರಿಸ್ತಾರಂತೆ. ಮಂಡಳಿ ಕಾಗದದಲ್ಲೇ ಇದೆ, ಕಣ್ಣಾರೆ ಓದ್ದೆ. ಆ ಕಾಗದ ನಿಮ್ಮ ಕೈಯಿಂದ ತಾನೇ ಹೋಗಿದ್ದು?”

“ಹೋಗಿರ್ಬೇಕು.”

“ಹೋಗಿರ್ಬೇಕು? ಹೆಂಡ್ತಿ ಕೆಲಸ ಹೋಗೋ ಕಾಗದಾನ ಕೈಯಾರೆ ನಕಲು ಮಾಡಿ, ಕವರಿಗೆ ಹಾಕಿ, ಅಂಟು ಹಚ್ಚಿ ಕೊಟ್ಟಿದೀರ. ಒಂದು ಸಾಲೂ ಕಣ್ಣಿಗೆ ಬೀಳ್ಲಿಲ್ವಾ?”

“ನಾನು ಓದಲ್ಲ ಅಂತ ನಿಂಗೊತ್ತಲ್ಲ.”

“ಗೊತ್ತು. ಹೆಮ್ಮೆ ಬೇರೆ ಅದಕ್ಕೆ” ಎಂದು ಅವಳು ಒಳಗೆ ಹೋದಳು. ಅಂದು ಲೋಟಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಚೊಕ್ಕಣ್ಣನಿಗೆ ಮೊದಲ ಸಲ ತನ್ನ ನೇಮದ ಮೇಲೆ ಅನುಮಾನ ಬಂತು. ಓದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡ.

ಮರುದಿನ ಕೆಲಸಗಾರರು ಅಂಗಳದಲ್ಲಿ ಗಾಜಿನ ರಾಶಿಯ ಪಕ್ಕ ನಿಂತರು, ಯಂತ್ರದ ಹತ್ತಿರ ಯಾರೂ ಹೋಗಲಿಲ್ಲ. ಮೇಲಿನವರು ಹೆದರಿ, ಅದು ಬರೀ ಯೋಚನೆ, ತೀರ್ಮಾನವಲ್ಲ ಎಂದು ನಾಲಿಗೆ ಹೊರಳಿಸಿದರು. ಕ್ಯಾಮೆರಾದ ಮಾತು ಕಪಾಟು ಸೇರಿತು. ಆದರೆ ಹಾಳೆ ಅಂಟಿಸಿದವರು ಯಾರೆಂದು ಪತ್ತೆಹಚ್ಚದೆ ಬಿಡುವುದಿಲ್ಲ ಎಂದು ಪಿಸುಮಾತಿನ ಸಾಹೇಬರು ಆಫೀಸಿನ ಹಜಾರದಲ್ಲಿ ನಿಂತು, ಜೀವನದಲ್ಲೇ ಮೊದಲ ಬಾರಿಗೆ ಎಲ್ಲರಿಗೂ ಕೇಳುವಂತೆ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಬ್ಬಿಬ್ಬರಲ್ಲ; ಹಜಾರದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಲೆಕ್ಕದಮ್ಮ ಒಬ್ಬರೇ ತಲೆ ಎತ್ತದೆ ಅಂಕಿ ಕೂಡಿಸುತ್ತಿದ್ದರು.

ಲೆಕ್ಕದಮ್ಮ ಎಂದರೆ ಕಂಪನಿಯ ಹಿರಿಯ ಲೆಕ್ಕಾಧಿಕಾರಿ. ದಪ್ಪ ಕನ್ನಡಕ, ಬಿಗಿದ ತುಟಿ. ಮದುವೆಯಾಗಿರಲಿಲ್ಲ, ಹಾಸಿಗೆ ಹಿಡಿದ ಅಕ್ಕನನ್ನು ಇಟ್ಟುಕೊಂಡು ಕಂಪನಿಯ ಮನೆಯಲ್ಲೇ ಇದ್ದರು. ಆಫೀಸಿನಲ್ಲಿ ಅವರನ್ನು ಇಷ್ಟಪಡುವವರು ಯಾರೂ ಇರಲಿಲ್ಲ. ಚೊಕ್ಕಣ್ಣನಂತೂ ಅವರ ಹೆಜ್ಜೆ ಸಪ್ಪಳ ಕೇಳಿದರೆ ಕಾಗದದ ಕಟ್ಟು ಬಚ್ಚಿಡುತ್ತಿದ್ದ. “ಏನಪ್ಪಾ, ಹಾಳೆ ತಿಂತೀಯಾ ಹೇಗೆ?” ಎಂದು ಬಾಗಿಲಲ್ಲೇ ಹಂಗಿಸುತ್ತಿದ್ದರು.

ಮಧ್ಯಾಹ್ನ ಪಿಸುಮಾತಿನ ಸಾಹೇಬರು ಕ್ಯಾಂಟೀನಿನ ಬಾಗಿಲಿಂದ ಕಿತ್ತ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕೆಳಗೆ ಬಂದರು.

“ಇದನ್ನ ನಾಲ್ಕು ಪಟ್ಟು ದೊಡ್ಡದು ಮಾಡಿ.”

ಚೊಕ್ಕಣ್ಣ ಹಾಳೆ ನೋಡಿ ಮುಖ ಸಿಂಡರಿಸಿದ. ಯಾವುದೋ ಬೀದಿ ಅಂಗಡಿಯಲ್ಲಿ, ಜನ್ಮದಲ್ಲಿ ಒರೆಸದ ಗಾಜಿನ ಮೇಲೆ ತೆಗೆದ ನಕಲು ಅದು. ಅಂಚಿನಲ್ಲಿ ಕಪ್ಪು ಗೆರೆ, ಮೂಲೆಯಲ್ಲಿ ಯಾರದೋ ಹೆಬ್ಬೆಟ್ಟು. ಆದರೂ ದೊಡ್ಡದು ಮಾಡಿದ. ಸಾಲಿನ ಕೊನೆಯಲ್ಲಿ, ಪಟ್ಟಿಯ ಗೆರೆಗಳ ಪಕ್ಕದಲ್ಲಿ ಚುಕ್ಕೆಗಳು ಕಡಲೆ ಗಾತ್ರಕ್ಕೆ ಊದಿಕೊಂಡು ಬಂದವು.

“ಕ್ಷಮಿಸಿ ಸರ್, ಚುಕ್ಕೆ ಬಂದುಬಿಟ್ಟಿದೆ. ಒರೆಸಿ ಇನ್ನೊಂದು ತೆಗೀತೀನಿ.”

“ಮುಟ್ಬೇಡಿ! ನಂಗೆ ಬೇಕಾಗಿರೋದೇ ಅದು.” ಸಾಹೇಬರ ಕಣ್ಣು ಹೊಳೆಯುತ್ತಿತ್ತು. ಗೆದ್ದವರಿಗೆ ಗುಟ್ಟು ನಿಲ್ಲುವುದಿಲ್ಲ. ಕಿವಿಯ ಹತ್ತಿರ ಬಗ್ಗಿದರು. “ಇವು ನಾನು ಇಟ್ಟ ಚುಕ್ಕೆ ಕಣ್ರೀ. ಒಬ್ಬೊಬ್ಬರ ಪ್ರತೀಲಿ ಒಂದೊಂದು ಜಾಗ. ಎಷ್ಟು ಸಲ ನಕಲು ಮಾಡಿದ್ರೂ ಹೋಗಲ್ಲ. ಕದ್ದ ಹಾಳೆ ತಾನೇ ಬಾಯಿಬಿಟ್ಟು ಯಾರ ಮನೆಯಿಂದ ಬಂದೆ ಅಂತ ಹೇಳುತ್ತೆ. ಇದು ಲೆಕ್ಕದಮ್ಮಂದು. ನಾಳೆ ಬೆಳಿಗ್ಗೆ ಅವರ ಕಥೆ ಮುಗೀತು. ಕೆಲಸಾನೂ ಇಲ್ಲ, ಮನೇನೂ ಇಲ್ಲ.”

ಚೊಕ್ಕಣ್ಣನ ತಲೆ ಗಿರ್ರೆಂದಿತು. ಎಲ್ಲರ ಕೈಗೂ ಹೋದದ್ದು ಲೆಕ್ಕದಮ್ಮನ ಚುಕ್ಕೆಯೇ. ಯಾರು ಅಂಟಿಸಿದ್ದರೂ ಆ ಹಾಳೆ ಲೆಕ್ಕದಮ್ಮನ ಹೆಸರನ್ನೇ ಹೇಳುತ್ತದೆ. ಹೇಳಬೇಕೆಂದು ಬಾಯಿ ತೆರೆದ. ಸಾಹೇಬರು ಮೆಟ್ಟಿಲು ಹತ್ತಿಯಾಗಿತ್ತು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಿ ಎರಡೆರಡು ಸಲ ಹೇಳಬೇಕಾಯಿತು. ಅವಳು ಕೈ ಒರೆಸಿಕೊಂಡು ಎದುರು ಕೂತಳು.

“ಆ ಲೆಕ್ಕದಮ್ಮನಿಗೋಸ್ಕರ ಇಷ್ಟೆಲ್ಲಾನಾ? ನಾವು ಗಾಜು ಹಿಡಿಯೋ ಕೈಗವಸು ಕೇಳಿದ್ರೆ ಹಳೇದನ್ನ ತೋರಿಸು ಅಂದೋಳು ಅವಳು.”

“ಅವರು ಮಾಡಿಲ್ಲದೇ ಇರಬಹುದಲ್ವಾ.”

“ಇರಬಹುದು. ಹೇಳಿದ್ರೆ ನಿಮ್ಮ ಕೆಲಸಕ್ಕೆ ಸಂಚಕಾರ. ಹೇಳ್ದಿದ್ರೆ ನಿದ್ದೆಗೆ ಸಂಚಕಾರ.”

“ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಂಥದ್ದೇನಾದ್ರೂ ದಾರಿ ಇದ್ಯಾ?”

“ಹಾವು ಯಾವುದು, ಕೋಲು ಯಾವುದು ಅಂತ ಮೊದಲು ನಿಮಗೆ ಗೊತ್ತಾಗ್ಲಿ” ಎಂದು ಅವಳು ಎದ್ದಳು. ಬಾಗಿಲಲ್ಲಿ ತಿರುಗಿ, “ದಿನಾ ಆರಿಸಿ ಆರಿಸಿ ನನ್ನ ಕಣ್ಣು ಬಿದ್ದುಹೋಗಿದೆ. ಇದೊಂದನ್ನ ನೀವೇ ಆರಿಸ್ಕೊಳ್ಳಿ” ಎಂದಳು.

ಬೆಳಿಗ್ಗೆ ದೊಡ್ಡ ಸಾಹೇಬರ ಕೋಣೆಗೆ ಚೊಕ್ಕಣ್ಣನನ್ನು ಕರೆದದ್ದು ದೊಡ್ಡದು ಮಾಡಿದ ಹಾಳೆಯನ್ನು ಹಿಡಿದು ನಿಲ್ಲುವುದಕ್ಕೆ ಮಾತ್ರ. ಒಂದು ಕಡೆ ದೊಡ್ಡ ಸಾಹೇಬರು, ಅವರ ಪಕ್ಕ ಪಿಸುಮಾತಿನವರು, ಎದುರು ನಿಂತ ಲೆಕ್ಕದಮ್ಮ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಕನ್ನಡಕವಿಲ್ಲದ ಆ ಮುಖ ಸಾಧಾರಣ ಮುದುಕಿಯೊಬ್ಬಳ ಮುಖದ ಹಾಗಿತ್ತು.

ಪಿಸುಮಾತಿನವರು ಒಂದೊಂದೇ ಚುಕ್ಕೆಗೆ ಬೆರಳಿಟ್ಟು ವಿವರಿಸಿದರು. “ನೀವೇನಾದ್ರೂ ಹೇಳೋದಿದ್ಯಾ?” ಎಂದು ದೊಡ್ಡ ಸಾಹೇಬರು ಕೇಳಿದರು. ಲೆಕ್ಕದಮ್ಮ ಕನ್ನಡಕ ಹಾಕಿಕೊಂಡು, ಉಸಿರೆಳೆದು, ಬಾಯಿ ತೆರೆದರು.

“ಸರ್, ತಪ್ಪು ನಂದು!” ಎಂದಿತು ಒಂದು ದನಿ. ಅದು ತನ್ನದೇ ಎಂದು ಚೊಕ್ಕಣ್ಣನಿಗೆ ಗೊತ್ತಾಗಲು ತುಸು ಹೊತ್ತು ಹಿಡಿಯಿತು.

ಆಮೇಲೆ ಹರಿದ ಮೂಟೆಯಿಂದ ಕಾಳು ಸುರಿದಂತೆ ಸುರಿದ: ಚುಕ್ಕೆ ಕಂಡದ್ದು, ಡ್ರಮ್ ಬದಲಿಸಿದ್ದು, ಚೊಕ್ಕವಾದದ್ದನ್ನು ಆರಿಸಿ ಎಲ್ಲರಿಗೂ ಅದನ್ನೇ ಹಂಚಿದ್ದು. ಪಿಸುಮಾತಿನವರು ಕಿರುಚಿದರು. “ಸುಳ್ಳು! ಇವರನ್ನ ಉಳಿಸೋಕೆ ಕಥೆ ಕಟ್ತಿದಾನೆ. ಪ್ರತಿಗಳೆಲ್ಲ ಚೂರಾಗಿವೆ, ಸಾಕ್ಷಿ ಎಲ್ಲಿದೆ?”

ದೊಡ್ಡ ಸಾಹೇಬರು ಕೆಮ್ಮಿದರು. ಕಿಟಕಿಯ ಕಡೆ ನೋಡಿದರು. ನಿಧಾನವಾಗಿ ತಮ್ಮ ಚರ್ಮದ ಚೀಲ ತೆರೆದು, ಸಭೆ ಮುಗಿದ ಮೇಲೆ ವಾಪಸ್ ಕೊಡಬೇಕಾಗಿದ್ದ ತಮ್ಮ ಪ್ರತಿಯನ್ನು ಹೊರಗೆ ಎಳೆದರು. “ಮನೇಲಿ ಓದೋಣ ಅಂತ...” ಎಂದರು. ಗುಟ್ಟು ಕಾಯಲು ಪಿಸುಮಾತಿನವರನ್ನು ತಂದವರೇ ಗುಟ್ಟನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಪಿಸುಮಾತಿನವರು ಭೂತಗನ್ನಡಿ ಇಟ್ಟು ನೋಡಿದರು. ಸಾಲಿನ ಕೊನೆ. ಪಟ್ಟಿಯ ಗೆರೆ. ಅದೇ ಚುಕ್ಕೆ, ಅದೇ ಜಾಗ.

ಲೆಕ್ಕದಮ್ಮನನ್ನು ಬಿಟ್ಟರು. ಬಿಡದೆ ದಾರಿ ಇರಲಿಲ್ಲ. ಆ ಚುಕ್ಕೆಯನ್ನು ನಂಬಿದರೆ ದೊಡ್ಡ ಸಾಹೇಬರನ್ನೂ ಕಳ್ಳನೆನ್ನಬೇಕಿತ್ತು. ಪಿಸುಮಾತಿನವರು ತಿಂಗಳು ಕಳೆಯುವುದರೊಳಗೆ ಬೇರೆ ಕಂಪನಿ ಹುಡುಕಿಕೊಂಡರು. ಚೊಕ್ಕಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ, ಯಂತ್ರದಿಂದ ತೆಗೆದರು. ಕಾರ್ಖಾನೆಯ ಹಿಂಬದಿಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸ. ಅಲ್ಲಿನ ಧೂಳನ್ನು ಒರೆಸುತ್ತ ಕೂತರೆ ಆಯುಷ್ಯ ಸಾಲದು. ಬನಿಯನ್ನಿನ ತುಂಡನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ. ತೆಗೆಯಲು ಅವಕಾಶವೇ ಬರುತ್ತಿರಲಿಲ್ಲ. ಅವನಿಗೆ ಬೇಸರವಾಯಿತು, ಬಹಳ ಬೇಸರವಾಯಿತು. ಒಬ್ಬರ ಮನೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಲೆಕ್ಕದಮ್ಮ ಗೋದಾಮಿಗೆ ಬಂದರು. ಪೆಟ್ಟಿಗೆ ಎಣಿಸುವ ನೆಪ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಒಂದು ಪೆಟ್ಟಿಗೆಯ ಮೇಲೆ ಕೂತರು.

“ಚೊಕ್ಕಣ್ಣ, ಅವತ್ತು ನೀನು ಯಾಕಪ್ಪಾ ಬಾಯಿ ಹಾಕ್ದೆ?”

“ತಪ್ಪು ಮಾಡದವರಿಗೆ ಶಿಕ್ಷೆ ಆಗಬಾರದಲ್ಲ ಅಮ್ಮ.”

“ಹಾಳೆ ಅಂಟಿಸಿದ್ದು ನಾನೇ.”

ಚೊಕ್ಕಣ್ಣನ ಕೈಯಲ್ಲಿದ್ದ ಟೇಪು ಉರುಳಿ ಹೋಯಿತು. ಅದನ್ನು ಹಿಡಿಯಬೇಕೆಂದೂ ಅವನಿಗೆ ತೋಚಲಿಲ್ಲ.

“ಆರಿಸೋ ವಿಭಾಗ ಮುಚ್ಚಿದ್ರೆ ಲಾಭ ಅಂತ ಮೊದಲೇ ಬರೆದಿಟ್ಟು, ಅದಕ್ಕೆ ಸರಿಹೋಗೋ ಹಾಗೆ ಲೆಕ್ಕ ಮಾಡಿಕೊಡಿ ಅಂದ್ರು ಮೇಲಿನೋರು. ಉತ್ತರ ನೋಡ್ಕೊಂಡು ಲೆಕ್ಕ ಮಾಡೋದು ನಂಗೆ ಬರಲ್ಲ. ಪ್ರತಿ ವಾಪಸ್ ಕೊಡೋಕೆ ಮುಂಚೆ ಬೀದಿ ಅಂಗಡೀಲಿ ನಕಲು ತೆಗೆಸಿದೆ. ಆ ಗಾಜಿನ ಮೇಲಿನ ಕೊಳೆ ನೋಡಿ ನಿನ್ನ ನೆನಪೇ ಬಂತು.” ಅವರು ನಗಲು ನೋಡಿದರು, ಆಗಲಿಲ್ಲ. “ಅವತ್ತು ಒಪ್ಕೊಳ್ಳೋಣ ಅಂತಲೇ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ನೀನು ತಪ್ಪು ನಂದು ಅಂದೆ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಬಾಯಿ ತಾನಾಗೇ ಮುಚ್ಕೊಂಡ್ತು.”

“ಹಾಗಾದ್ರೆ... ಆ ಚುಕ್ಕೆ ಹೇಳಿದ್ದು ನಿಜ?”

“ನಿಜ.”

“ನಾನು ಹೇಳಿದ್ದೂ ನಿಜ?”

“ಅದೂ ನಿಜ.”

ಚೊಕ್ಕಣ್ಣ ಪೆಟ್ಟಿಗೆಗಳ ನಡುವೆ ನಿಂತು ಇದನ್ನು ತಲೆಯೊಳಗೆ ತಿರುಗಿಸಿದ, ಮಗುಚಿದ. ತಲೆಬುಡ ತಿಳಿಯಲಿಲ್ಲ. ತಾನು ಕೆಡಿಸಿಟ್ಟ ಸಾಕ್ಷಿ ಸರಿಯಾದವರನ್ನೇ ಹಿಡಿದಿತ್ತು. ತಾನು ಆಡಿದ ನಿಜ ಅವರನ್ನೇ ಬಿಡಿಸಿತ್ತು. ಸಿಟ್ಟು ಬರಬೇಕು ಎನಿಸಿತು, ಹುಡುಕಿದ, ಸಿಗಲಿಲ್ಲ. ಹೆಂಡತಿ ಈಗಲೂ ಬಿಳಿ ಪರದೆಯ ಮುಂದೆ ಕೂತಿದ್ದಾಳಲ್ಲ, ಅದೊಂದೇ ನೆನಪಾಗುತ್ತಿತ್ತು.

“ನಿನ್ನ ಯಂತ್ರ ನಿಂಗೆ ವಾಪಸ್ ಸಿಗ್ಬೇಕು. ನೀನು ಹೂಂ ಅಂದ್ರೆ ಈಗಲೇ ಮೇಲೆ ಹೋಗಿ ಹೇಳ್ತೀನಿ” ಎಂದರು ಲೆಕ್ಕದಮ್ಮ. ಎದ್ದು ನಿಂತಿದ್ದರು. ಮಾತಿಗಾಗಿ ಆಡಿದ ಮಾತಲ್ಲ ಎಂಬುದು ಗೊತ್ತಾಗುತ್ತಿತ್ತು.

ಚೊಕ್ಕಣ್ಣ ಉರುಳಿದ ಟೇಪನ್ನು ಹೆಕ್ಕಿ ತಂದ. ಅದಕ್ಕೆ ಅಂಟಿದ್ದ ಧೂಳನ್ನು ಉಗುರಿನಿಂದ ಕೆರೆದ. “ಅಕ್ಕಾವ್ರು ಹೇಗಿದಾರೆ ಅಮ್ಮ?” ಎಂದು ಕೇಳಿದ.

“ಹಾಗೇ ಇದಾಳೆ.”

“ಈ ಸಾಲಿನ ಪೆಟ್ಟಿಗೆ ಇನ್ನೂ ಎಣಿಸಿಲ್ಲ ನೀವು. ಎಣಿಸ್ಕೊಂಡು ಹೋಗಿ” ಎಂದು ಟೇಪು ಸುತ್ತತೊಡಗಿದ. ಲೆಕ್ಕದಮ್ಮ ನಿಜವಾಗಿಯೂ ಎಣಿಸಿದರು.

ಜೀವಮಾನವಿಡೀ ಗುಟ್ಟುಗಳನ್ನು ಓದದೆ ಸಾಗಿಸಿದವನಿಗೆ ಅಂದು ಒಂದು ಗುಟ್ಟು ಓದಿಯೇ ಬಿಟ್ಟಂತಾಗಿತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ, ಬಿಸಿ ಲೋಟ ಹಿಡಿದವನ ಹಾಗೆ ಮನೆಗೆ ನಡೆದ.

ಹೆಂಡತಿ ದೀಪದ ಕೆಳಗೆ ಲೋಟಗಳನ್ನು ಒರೆಸುತ್ತಿದ್ದಳು. ಆರಿಸುವ ವಿಭಾಗದವರಿಗೆಲ್ಲ ಆ ದಿನ ಹೊಸ ಕೈಗವಸು ಸಿಕ್ಕಿತ್ತಂತೆ, ಮುಖ ಅರಳಿತ್ತು.

“ಆ ಹಾಳೆ ಅಂಟಿಸಿದ ಪುಣ್ಯಾತ್ಮರು ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರ್ಲಿ. ನೀವು ಹೋಗಿ ಹೋಗಿ ಆ ಕಲ್ಲು ಮನಸ್ಸಿನೋಳನ್ನ ಉಳಿಸಿ ಗೋದಾಮು ಸೇರ್ಕೊಂಡ್ರಿ. ನಿಜವಾಗ್ಲೂ ಅಂಟಿಸಿದೋರು ಯಾರಿರಬಹುದು ಅಂತೀರಾ?”

“ನಂಗೇನು ಗೊತ್ತು?” ಎಂದ ಚೊಕ್ಕಣ್ಣ.

ಒರೆಸುತ್ತಿದ್ದ ಕೈ ನಿಂತಿತು. ಅವಳು ಲೋಟವನ್ನು ಕೆಳಗಿಟ್ಟು, ಎದ್ದು ಬಂದು, ಅವನ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದಳು. ಬಾಟಲಿಯನ್ನು ನೋಡುವ ಹಾಗೆಯೇ, ಒಂದು ಕಣ್ಣು ಕಿರಿದು ಮಾಡಿ, ಒಂದು ಕೆನ್ನೆಯಿಂದ ಇನ್ನೊಂದಕ್ಕೆ ನೋಡಿದಳು.

“ಒಳಗೆಲ್ಲೋ ಒಂದು ಗುಳ್ಳೆ ಇದೆ” ಎಂದಳು.

“ಏನಿಲ್ಲ.”

“ನನ್ನ ಕಣ್ಣಿಗೆ ಮಣ್ಣು ಹಾಕ್ತೀರಾ?” ಇನ್ನೂ ಸ್ವಲ್ಪ ಹೊತ್ತು ನೋಡಿದಳು.

“ಒಡಕಲ್ಲ. ಸೋರಲ್ಲ” ಎಂದು ಗಲ್ಲ ಬಿಟ್ಟಳು. ಒರೆಸಿಟ್ಟ ಲೋಟಕ್ಕೆ ನೀರು ಬಗ್ಗಿಸಿ ಅವನ ಕೈಗೆ ಕೊಟ್ಟಳು. ಆ ಲೋಟವನ್ನು ಮಾತ್ರ ಬೆಳಕಿಗೆ ಹಿಡಿದು ನೋಡಲಿಲ್ಲ.